ಕೈರೋದ ಕೋಣೆಯಲ್ಲಿ ಮಂಗಳೂರಿನ ಲೆಕ್ಕಪತ್ರ

ದೇವರ ಹೆಸರಿರುವ ಬರಹವನ್ನು ಎಸೆಯಬಾರದು ಎಂಬುದು ಯಹೂದಿಗಳ ನಿಷ್ಠೆ. ಹಾಗಾಗಿ ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಕೋಣೆಯೊಂದರಲ್ಲಿ ಶತಮಾನಗಳ ಕಾಗದ ರಾಶಿ ಬಿದ್ದಿತ್ತು. 1896-97ರಲ್ಲಿ ವಿದ್ವಾಂಸ ಸಾಲೊಮನ್ ಶೆಕ್ಟರ್ ಅದರ ಬಹುಭಾಗವನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಆ ರಾಶಿಯಲ್ಲಿದ್ದ ಯಹೂದಿ ವ್ಯಾಪಾರಿಯೊಬ್ಬನ ಪತ್ರಗಳಲ್ಲಿ ಮಧ್ಯಯುಗದ ಮಂಗಳೂರೂ ಇತ್ತು!

ಆ ವ್ಯಾಪಾರಿ, ಇಂದಿನ ಟ್ಯುನೀಶಿಯಾದ ಮಹ್ದಿಯಾದವನಾದ ಅಬ್ರಹಾಂ ಬೆನ್ ಯಿಜು, 1132ರ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ನೆಲೆಸಿದ್ದ. ಆಶು ಎಂಬ ದಾಸಿಗೆ ಆ ವರ್ಷದ ಅಕ್ಟೋಬರ್‌ನಲ್ಲಿ ಅವನು ಬರೆದುಕೊಟ್ಟ ಬಿಡುಗಡೆ ಪತ್ರದಲ್ಲಿ ಮಂಗಳೂರಿನ ಹೆಸರಿದೆ. ಅವಳೇ ಅವನ ಮಕ್ಕಳ ತಾಯಿಯಾಗಿರಬೇಕೆಂಬುದು ವಿದ್ವಾಂಸರ ಊಹೆ.

ಇಲ್ಲಿಂದ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಯೆಮೆನ್‌ನ ಏಡನ್ ಬಂದರಿಗೆ ಹೋಗುತ್ತಿದ್ದವು. ಅಲ್ಲಿಂದ ತಾಮ್ರ, ತವರ, ಒಡೆದ ಹಳೇ ಪಾತ್ರೆಗಳು ಬರುತ್ತಿದ್ದವು. ಬೆನ್ ಯಿಜುವಿನ ಕಾರ್ಖಾನೆಯ ಕುಶಲಿಗರು ಅವನ್ನು ಕರಗಿಸಿ, ಗಿರಾಕಿ ಬರೆದು ಕಳಿಸಿದ ಅಳತೆಗೆ ಸರಿಯಾಗಿ ಹೊಸ ಪಾತ್ರೆ ಎರೆಯುತ್ತಿದ್ದರು. ಕಡಲಾಚೆಯ ಗಿರಾಕಿಗಳು ನಂಬಿ ಲೋಹ ಕಳಿಸುತ್ತಿದ್ದರೆಂದರೆ ಆ ಕೈಗಳ ಕಸುಬು ಎಂಥದಿರಬೇಕು! ಸ್ನೇಹಿತ ಮದ್ಮೂನ್ ಏಡನ್‌ನಿಂದ ಸಕ್ಕರೆ, ಒಣದ್ರಾಕ್ಷಿಯ ಜೊತೆ ಕಾಗದವನ್ನೂ ಉಡುಗೊರೆಯಾಗಿ ಕಳಿಸುತ್ತಿದ್ದ. ಚೀನಾದಲ್ಲಿ ಹುಟ್ಟಿ, ಎಂಟನೇ ಶತಮಾನದಲ್ಲಿ ಬಾಗ್ದಾದ್ ಮುಟ್ಟಿದ ವಸ್ತು ತಾಳೆಗರಿಯ ನಾಡಿಗೆ ಬಂದದ್ದು ಹೀಗೆ.

ಸರಕು, ಹಣ ಹಿಡಿದು ಏಡನ್‌ಗೆ ಹೋಗಿಬರುತ್ತಿದ್ದವನು ಬೆನ್ ಯಿಜುವಿನ ದಾಸ. ಅವನನ್ನು ತುಳುನಾಡಿನ ಬೊಮ್ಮನೆಂದು ಗುರುತಿಸಿದವರು ಲೇಖಕ ಅಮಿತಾವ್ ಘೋಷ್. ಏಡನ್‌ನ ದೊಡ್ಡ ವ್ಯಾಪಾರಿಗಳು ಪತ್ರಗಳಲ್ಲಿ ಅವನಿಗೂ ಶುಭಾಶಯ ಹೇಳುತ್ತಿದ್ದರು. ರಾಜರ ಶಾಸನಗಳಲ್ಲಿ ಇಂಥವನಿಗೆ ಜಾಗವೆಲ್ಲಿ?

1149ರಲ್ಲಿ ಬೆನ್ ಯಿಜು ಮಕ್ಕಳೊಡನೆ ಏಡನ್‌ಗೆ ಮರಳಿದ. 1156ರಲ್ಲಿ ಅವನ ಮಗಳು ಸಿತ್ ಅಲ್-ದಾರ್ ಈಜಿಪ್ಟಿನಲ್ಲಿ ದೊಡ್ಡಪ್ಪ-ಚಿಕ್ಕಪ್ಪಂದಿರ ಮನೆಯ ಹುಡುಗನನ್ನೇ ಮದುವೆಯಾದಳು.