ಕಾರ್ಲ್‌ಟನ್ ಚಾಪ್ಮನ್

ಕಾರ್ಲ್‌ಟನ್ ಚಾಪ್ಮನ್ (1971–2020) ಭಾರತ ಫುಟ್‌ಬಾಲ್ ತಂಡದ ನಾಯಕರಾಗಿದ್ದ ಬೆಂಗಳೂರಿನ ಆಟಗಾರರು; 2001ರಲ್ಲಿ ನಿವೃತ್ತರಾದ ಮೇಲೆ ತರಬೇತುದಾರರಾಗಿ ಕೆಲಸ ಮಾಡಿದರು. ಅವರು ಆಡುತ್ತಿದ್ದುದು ಮಿಡ್‌ಫೀಲ್ಡರ್ ಸ್ಥಾನದಲ್ಲಿ. ರಕ್ಷಣಾ ಸಾಲಿಗೂ ಮುನ್ಪಡೆಗೂ ನಡುವೆ ನಿಂತು, ಎದುರಾಳಿಯ ಚೆಂಡನ್ನು ಕಸಿದು, ಗೋಲು ಹೊಡೆಯುವವರ ಕಾಲಿಗೆ ಅದನ್ನು ತಲುಪಿಸುವುದು ಈ ಸ್ಥಾನದ ಆಟಗಾರನ ಕೆಲಸ. ಗೋಲುಗಳ ಪಟ್ಟಿಯಲ್ಲಿ ಅವನ ಹೆಸರು ವಿರಳವಾಗಿ ಕಾಣಿಸುತ್ತದೆ.

ಬೆಂಗಳೂರಿನ ದಂಡು ಪ್ರದೇಶದ ಬಡಾವಣೆಗಳಲ್ಲಿ ಬ್ರಿಟಿಷರ ಕಾಲದಿಂದಲೂ ಫುಟ್‌ಬಾಲ್ ಬೇರೂರಿತ್ತು. 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಆಡಿದ ಅಹ್ಮದ್ ಖಾನ್ ಈ ಊರಿನವರೇ. ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್‌ನಲ್ಲಿ 'ಪಂಚಪಾಂಡವರು' ಎಂದು ಹೆಸರಾದ ಐವರು ಮುನ್ಪಡೆಯ ಆಟಗಾರರಲ್ಲಿ ಅವರೂ ಒಬ್ಬರು. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ ಕೊನೆಯ ಬಾರಿ ಗೆದ್ದದ್ದು 1968–69ರಲ್ಲಿ. ಅನಂತರ ರಾಜ್ಯದ ಆಟ ಇಳಿಮುಖವಾಗಿ, ಪ್ರತಿಭೆಯುಳ್ಳವರು ಹೊರಗೆ ಹೋಗಿಯೇ ಬೆಳೆಯಬೇಕಾದ ಸ್ಥಿತಿ ಉಂಟಾಯಿತು. ಚಾಪ್ಮನ್ ಅವರ ಜೀವನವೂ ಇದೇ ದಾರಿಯಲ್ಲಿ ಸಾಗಿತು.

1980ರ ದಶಕದ ಮಧ್ಯದಲ್ಲಿ ಬೆಂಗಳೂರಿನ ಕ್ರೀಡಾ ವಸತಿನಿಲಯದಲ್ಲಿ ತರಬೇತಿ ಆರಂಭಿಸಿದ ಅವರು ಸದರ್ನ್ ಬ್ಲೂಸ್ ತಂಡಕ್ಕೆ ಆಡಿ, 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಆಯ್ಕೆಯಾದರು. ಎಳೆಯರಿಗೆ ಊಟ, ವಸತಿ, ವಿದ್ಯಾಭ್ಯಾಸಗಳ ಜೊತೆಗೆ ವ್ಯವಸ್ಥಿತ ತರಬೇತಿ ನೀಡುವ ಇಂಥ ಸಂಸ್ಥೆ ಆಗ ದೇಶದಲ್ಲಿ ಅಪರೂಪವಾಗಿತ್ತು. 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದ ಅವರು, ಅದೇ ವರ್ಷದ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ, ಇರಾಕಿನ ಅಲ್ ಜಾವ್ರಾ ತಂಡವನ್ನು ಕ್ಲಬ್ 6–2ರಿಂದ ಸೋಲಿಸಿದಾಗ ಮೂರು ಗೋಲು ಹೊಡೆದರು. ಮಿಡ್‌ಫೀಲ್ಡರ್ ಒಬ್ಬರು ಪಶ್ಚಿಮ ಏಷ್ಯಾದ ಬಲಿಷ್ಠ ತಂಡದ ಮೇಲೆ ಹ್ಯಾಟ್ರಿಕ್ ಸಾಧಿಸಿದ ಆ ಪಂದ್ಯ ಅವರ ಹೆಸರನ್ನು ದೇಶಕ್ಕೆಲ್ಲ ಪರಿಚಯಿಸಿತು.

1995ರಲ್ಲಿ ಪಂಜಾಬಿನ ಫಗ್ವಾಡದ ಜೆಸಿಟಿ ಮಿಲ್ಸ್ ತಂಡಕ್ಕೆ ಹೋದ ಮೇಲಿನದು ಅವರ ಆಟದ ಉತ್ತುಂಗ ಕಾಲ. ಮುಂದೆ ಐ.ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ, ಹಿಂದಿನಿಂದ ಚೆಂಡು ಒದಗಿಸಲು ಚಾಪ್ಮನ್. ಈ ಹೊಂದಾಣಿಕೆಯ ಬಲದಿಂದ ಜೆಸಿಟಿ 1996–97ರಲ್ಲಿ ಮೊಟ್ಟಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಗೆದ್ದಿತು. ಈ ಪಂದ್ಯಾವಳಿಯ ಸ್ಥಾನವನ್ನು 2007ರಲ್ಲಿ ಐ-ಲೀಗ್ ಪಡೆಯಿತು. ಒಂದು ಋತುವನ್ನು ಎಫ್‌ಸಿ ಕೊಚ್ಚಿನ್‌ನಲ್ಲಿ ಕಳೆದು ಅವರು 1998ರಲ್ಲಿ ಈಸ್ಟ್ ಬೆಂಗಾಲ್‌ಗೆ ಮರಳಿದರು. 2001ರಲ್ಲಿ ಆ ಕ್ಲಬ್ ತನ್ನ ಮೊದಲ ರಾಷ್ಟ್ರೀಯ ಲೀಗ್ ಪ್ರಶಸ್ತಿ ಗೆದ್ದಾಗ ನಾಯಕರು ಅವರೇ. ರಾಷ್ಟ್ರೀಯ ತಂಡದ ನಾಯಕರಾಗಿ 1997ರಲ್ಲಿ ಕಠ್ಮಂಡುವಿನಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದರು. ಫೈನಲ್‌ನಲ್ಲಿ ಭಾರತ ಮಾಲ್ದೀವ್ಸನ್ನು 5–1ರಿಂದ ಸೋಲಿಸಿತು.

ತರಬೇತುದಾರರಾಗಿ ಅವರು 2002ರಲ್ಲಿ ಟಾಟಾ ಅಕಾಡೆಮಿಗೇ ಹಿಂದಿರುಗಿದರು. ಬಳಿಕ ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೋ, ಕೋಲ್ಕತ್ತದ ಭವಾನಿಪುರ, ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವ ತಂಡಗಳಲ್ಲಿ ದುಡಿದು, 2017ರಲ್ಲಿ ಕೋಯಿಕ್ಕೋಡಿನ ಕ್ವಾರ್ಟ್ಜ್ ಅಕಾಡೆಮಿಯ ತಾಂತ್ರಿಕ ನಿರ್ದೇಶಕರಾದರು. ಅವರ ಸಮವಯಸ್ಕರಾದ ಪೋರ್ಚುಗಲ್‌ನ ಮಿಡ್‌ಫೀಲ್ಡರ್ ಪಾವ್ಲೊ ಸೋಜಾ ಸ್ವಾನ್ಸಿ, ಬಾಸೆಲ್, ಫಿಯೊರೆಂಟಿನಾ ಕ್ಲಬ್‌ಗಳನ್ನು ದಾಟಿ ಪೋಲೆಂಡ್ ರಾಷ್ಟ್ರೀಯ ತಂಡದ ತರಬೇತುದಾರರಾಗುವವರೆಗೆ ಏರಿದರು. ಭಾರತದಲ್ಲಿ ಹಾಗೆ ಹತ್ತಲು ಮೆಟ್ಟಿಲುಗಳು ಕಡಿಮೆಯಿದ್ದವು. 2014ರಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗ್‌ನ ಕ್ಲಬ್‌ಗಳು ಮುಖ್ಯ ತರಬೇತಿಗೆ ವಿದೇಶೀಯರನ್ನೇ ನೆಚ್ಚಿಕೊಂಡವು. ನಾರ್ತ್‌ಈಸ್ಟ್ ಯುನೈಟೆಡ್ 2016ರಲ್ಲಿ ಕರೆಸಿಕೊಂಡದ್ದೂ ಪೋರ್ಚುಗಲ್‌ನ ನೆಲೊ ವಿಂಗಾಡಾ ಅವರನ್ನು. ಆಟಗಾರನನ್ನು ವಸತಿನಿಲಯದಿಂದ ರಾಷ್ಟ್ರೀಯ ನಾಯಕತ್ವದವರೆಗೆ ಬೆಳೆಸಿದ ವ್ಯವಸ್ಥೆ, ಅದೇ ಆಟಗಾರ ತರಬೇತುದಾರನಾದಾಗ ಅವನನ್ನು ಕೆಳಹಂತದ ಕ್ಲಬ್‌ಗಳಲ್ಲೇ ಉಳಿಸಿತು ಎಂಬುದು ಅವರ ವೃತ್ತಿಜೀವನದಿಂದ ಸ್ಪಷ್ಟವಾಗುತ್ತದೆ.

2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ನಿಧನರಾದಾಗ ಅವರಿಗೆ 49 ವರ್ಷ. ಸೂಪರ್ ಲೀಗ್ ಕ್ಲಬ್ ಒಂದರ ಮುಖ್ಯ ತರಬೇತಿಯ ಹೊಣೆ ಅವರಿಗೆ ಒಮ್ಮೆಯೂ ಸಿಗಲಿಲ್ಲ.