‘ರಿಕವರ್’ ಎಂಬ ಇಂಗ್ಲಿಷ್ ಕ್ರಿಯಾಪದ: ಅರ್ಥ, ಬಳಕೆ ಹಾಗೂ ವೈದ್ಯಕೀಯ ಪ್ರಮಾಣಪತ್ರಗಳಲ್ಲಿ ಅದರ ಮಹತ್ವ

ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರ ಮುಂತಾದ ಉತ್ತರ ಬೆಂಗಳೂರಿನ ಪ್ರದೇಶಗಳಲ್ಲಿ ಸರ್ಕಾರಿ ನೌಕರರೂ ಕಾರ್ಖಾನೆಗಳ ಕಾರ್ಮಿಕರೂ ಹೆಚ್ಚಿನ ಸಂಖ್ಯೆಯಲ್ಲಿ ವಾಸವಾಗಿದ್ದಾರೆ. ಅವರು ಸಲ್ಲಿಸುವ ವೈದ್ಯಕೀಯ ಪ್ರಮಾಣಪತ್ರಗಳು ಬಹುತೇಕ ಇಂಗ್ಲಿಷಿನಲ್ಲಿರುತ್ತವೆ. ಅವುಗಳಲ್ಲಿನ ಒಂದು ಕ್ರಿಯಾಪದದ ರೂಪವನ್ನು ತಪ್ಪಾಗಿ ಗ್ರಹಿಸಿದಲ್ಲಿ ರಜೆ, ಭತ್ಯೆ ಅಥವಾ ಕರ್ತವ್ಯಕ್ಕೆ ಹಾಜರಾಗುವ ದಿನಾಂಕದ ಬಗ್ಗೆ ಗೊಂದಲ ಉಂಟಾಗುತ್ತದೆ. ಅರ್ಜಿದಾರರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಪದದ ಅರ್ಥ
ಲ್ಯಾಟಿನ್ ಮೂಲದ ಈ ಪದಕ್ಕೆ ‘ಕಳೆದುಕೊಂಡದ್ದನ್ನು ಮರಳಿ ಪಡೆಯುವುದು’ ಎಂಬುದು ಮೂಲಾರ್ಥ. ಆದಕಾರಣ ಆರೋಗ್ಯ, ಹಣ, ಕಳವಾದ ವಸ್ತು ಎಲ್ಲಕ್ಕೂ ಇದು ಅನ್ವಯಿಸುತ್ತದೆ. ಆರೋಗ್ಯದ ಅರ್ಥದಲ್ಲಿ ಬಳಸುವಾಗ ರೋಗದ ಹೆಸರಿಗೆ ಮುನ್ನ ‘ಫ್ರಮ್’ ಎಂಬ ಪದ ಬರುತ್ತದೆ. ಹಣದ ಅರ್ಥದಲ್ಲಿ ಬಾಕಿಯ ಹೆಸರು ಕ್ರಿಯಾಪದದ ನಂತರ ನೇರವಾಗಿ ಬರುತ್ತದೆ.

2. ಸಮೀಪಾರ್ಥಕ ಪದಗಳು
ಅ) ರಿಕ್ಯೂಪರೇಟ್: ಕಳೆದುಕೊಂಡ ಶಕ್ತಿಯನ್ನು ಕ್ರಮೇಣ ಮರಳಿ ಪಡೆಯುವುದು, ಚೇತರಿಸಿಕೊಳ್ಳುವುದು.
ಆ) ಕಾನ್ವಲೆಸ್: ಕಾಯಿಲೆ ಅಥವಾ ಶಸ್ತ್ರಚಿಕಿತ್ಸೆಯ ನಂತರ ವಿಶ್ರಾಂತಿಯಲ್ಲಿದ್ದು ಬಲಗೊಳ್ಳುವುದು.
ಇ) ಹೀಲ್: ಗಾಯ ಮಾಯುವುದು.
ಈ) ಕ್ಯೂರ್: ರೋಗವನ್ನು ವಾಸಿಮಾಡುವುದು.
ಉ) ರಿಲ್ಯಾಪ್ಸ್: ಗುಣವಾದ ಕಾಯಿಲೆ ಮರುಕಳಿಸುವುದು.

3. ಕಾಲರೂಪದ ವ್ಯತ್ಯಾಸ
‘ಈಸ್ ರಿಕವರಿಂಗ್’ ಎಂದಿದ್ದಲ್ಲಿ ರೋಗಿಯು ಇನ್ನೂ ಚೇತರಿಸಿಕೊಳ್ಳುತ್ತಿದ್ದಾನೆ ಎಂದರ್ಥ. ‘ಹ್ಯಾಸ್ ರಿಕವರ್ಡ್’ ಎಂದಿದ್ದಲ್ಲಿ ಗುಣಮುಖನಾಗಿದ್ದಾನೆ ಎಂದರ್ಥ. ಕನ್ನಡದ ‘ಗುಣಮುಖ’ ಪದವು ಗುಣದತ್ತ ತಿರುಗಿದ ಸ್ಥಿತಿಯನ್ನು ಸೂಚಿಸುವುದರಿಂದ, ಅನುವಾದದಲ್ಲಿ ‘ಗುಣಮುಖರಾಗುತ್ತಿದ್ದಾರೆ’ ಮತ್ತು ‘ಗುಣಮುಖರಾಗಿದ್ದಾರೆ’ ಎಂಬ ಭೇದವನ್ನು ಸ್ಪಷ್ಟವಾಗಿ ಕಾಪಾಡುವುದು ಅವಶ್ಯಕ.

4. ಸರ್ಕಾರಿ ನೌಕರರು
ವೈದ್ಯಕೀಯ ಕಾರಣದ ಮೇಲೆ ರಜೆ ಪಡೆದ ನೌಕರರು ಕರ್ತವ್ಯಕ್ಕೆ ಮರಳುವಾಗ ದೇಹದಾರ್ಢ್ಯ ಪ್ರಮಾಣಪತ್ರವನ್ನು ಹಾಜರುಪಡಿಸತಕ್ಕದ್ದು. ಕೇಂದ್ರ ನಾಗರಿಕ ಸೇವಾ (ರಜೆ) ನಿಯಮಗಳು, 1972ರ ನಮೂನೆ-5ರಲ್ಲಿ ಎರಡು ಅಂಶಗಳಿವೆ: ಕಾಯಿಲೆಯಿಂದ ಗುಣಮುಖರಾಗಿರುವುದು, ಮತ್ತು ಕರ್ತವ್ಯಕ್ಕೆ ಅರ್ಹರಾಗಿರುವುದು. ‘ಚೇತರಿಸಿಕೊಳ್ಳುತ್ತಿದ್ದಾರೆ’ ಎಂಬ ಪತ್ರವು ಇದಕ್ಕೆ ಬದಲಿಯಾಗುವುದಿಲ್ಲ.

5. ಇ.ಎಸ್.ಐ. ವಿಮಾದಾರರು
ಅರ್ಹ ವಿಮಾದಾರರಿಗೆ ಅನಾರೋಗ್ಯ ಭತ್ಯೆಯು ವೇತನದ ಶೇ. 70ರ ದರದಲ್ಲಿ, ವರ್ಷಕ್ಕೆ ಗರಿಷ್ಠ 91 ದಿನಗಳವರೆಗೆ ದೊರೆಯುತ್ತದೆ. ಇದಕ್ಕೆ 6 ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಪಾವತಿಯಾಗಿರಬೇಕು. ಕ್ಷಯದಂತಹ ನಿಗದಿತ ದೀರ್ಘಕಾಲೀನ ರೋಗಗಳಿಗೆ, ಷರತ್ತುಗಳಿಗೊಳಪಟ್ಟು, ಶೇ. 80ರ ದರದಲ್ಲಿ ವಿಸ್ತೃತ ಭತ್ಯೆಯಿದೆ.

ವೈದ್ಯರು ಅಂತಿಮ ಪ್ರಮಾಣಪತ್ರ ನೀಡಿದಲ್ಲಿ ವಿಮಾದಾರರು ಅದರಲ್ಲಿ ನಮೂದಿಸಿದ ದಿನಾಂಕದಿಂದ ಕೆಲಸಕ್ಕೆ ಅರ್ಹರೆಂದು ಪರಿಗಣಿಸಲಾಗುತ್ತದೆ. ಇನ್ನೂ ಅಶಕ್ತರಾಗಿರುವವರು ಅದಕ್ಕೆ ಮುನ್ನವೇ ವೈದ್ಯರ ಗಮನಕ್ಕೆ ತರುವುದು ಸೂಕ್ತ. ಸಾಮಾನ್ಯವಾಗಿ ಮೊದಲ 2 ದಿನಗಳಿಗೆ ಭತ್ಯೆ ಇರುವುದಿಲ್ಲ. ಹಿಂದಿನ ಅನಾರೋಗ್ಯದ ಅವಧಿ ಮುಗಿದ 15 ದಿನಗಳೊಳಗೆ ಮತ್ತೆ ಅನಾರೋಗ್ಯ ಉಂಟಾದಲ್ಲಿ ಈ ಕಡಿತ ಅನ್ವಯಿಸುವುದಿಲ್ಲ. ಆದ್ದರಿಂದ ಹಿಂದಿನ ಅವಧಿಯ ಪ್ರಮಾಣಪತ್ರಗಳನ್ನು ಜೋಪಾನವಾಗಿಡಬೇಕು.

6. ‘ರಿಕವರಿ’ ಎಂದರೆ ವಸೂಲಾತಿಯೂ ಹೌದು
ಕಂದಾಯ, ತೆರಿಗೆ ಹಾಗೂ ಬ್ಯಾಂಕ್ ವ್ಯವಹಾರಗಳಲ್ಲಿ ‘ರಿಕವರಿ’ ಎಂದರೆ ಬಾಕಿಯ ವಸೂಲಾತಿ. ‘ರಿಕವರಿ ಸರ್ಟಿಫಿಕೇಟ್’ ಎಂಬುದು ಆರೋಗ್ಯದ ದಾಖಲೆಯಲ್ಲ. ಬಾಕಿ ವಸೂಲಿಗೆ ಅಧಿಕಾರ ನೀಡುವ ಪತ್ರ. ಇಂತಹ ಪತ್ರ ತಲುಪಿದವರು ಅದನ್ನು ಬದಿಗಿರಿಸದೆ, ಅದರಲ್ಲಿ ಸೂಚಿಸಿದ ಅವಧಿಯೊಳಗೆ ಸಂಬಂಧಪಟ್ಟ ಕಚೇರಿಗೆ ಉತ್ತರಿಸುವುದು ಅವಶ್ಯಕ.

7. ಅರ್ಜಿದಾರರ ಗಮನಕ್ಕೆ
• ಪ್ರಮಾಣಪತ್ರದಲ್ಲಿ ಹೆಸರು, ಕಾಯಿಲೆ, ವಿಶ್ರಾಂತಿಯ ಅವಧಿ, ಅರ್ಹತೆಯ ದಿನಾಂಕ, ವೈದ್ಯರ ಸಹಿ, ಮೊಹರು ಮತ್ತು ನೋಂದಣಿ ಸಂಖ್ಯೆ ಇವೆಯೇ ಎಂದು ಪರಿಶೀಲಿಸಿಕೊಳ್ಳುವುದು.
• ಇಂಗ್ಲಿಷ್ ಒಕ್ಕಣೆ ಅರ್ಥವಾಗದಿದ್ದಲ್ಲಿ, ಸಲ್ಲಿಸುವ ಮೊದಲೇ ವೈದ್ಯರಿಂದ ಕನ್ನಡದಲ್ಲಿ ವಿವರಣೆ ಪಡೆಯುವುದು.
• ತಪ್ಪುಗಳನ್ನು ಅರ್ಜಿದಾರರೇ ತಿದ್ದಬಾರದು. ಪ್ರಮಾಣಪತ್ರ ನೀಡಿದ ವೈದ್ಯರಿಂದಲೇ ಸಹಿಯೊಂದಿಗೆ ತಿದ್ದುಪಡಿ ಮಾಡಿಸುವುದು.
• ಸಲ್ಲಿಸಿದ ಪ್ರಮಾಣಪತ್ರದ ಪ್ರತಿಯನ್ನು ಸ್ವೀಕೃತಿಯೊಂದಿಗೆ ಇಟ್ಟುಕೊಳ್ಳುವುದು.