ಎಲುಬಿನ ಲೆಕ್ಕದಿಂದ ನೀರಿನ ಲೆಕ್ಕಕ್ಕೆ

ಗದಗ-ಬೆಟಗೇರಿಯ ನೇಕಾರರ ಓಣಿಯಲ್ಲಿ ಕುಣಿಮಗ್ಗಕ್ಕೆ ಕುಳಿತವರನ್ನು ಸ್ವಲ್ಪ ಹೊತ್ತು ಗಮನಿಸಿ. ಹಲಗೆ ತುಳಿಯುವ ಪಾದದ ಕೀಲು ಮೇಲೆ-ಕೆಳಗೆ ಮಾತ್ರ ಆಡುತ್ತದೆ. ಅದು ಬಿಜಾಗರಿ ಕೀಲು. ಲಾಳಿಯ ಹಗ್ಗ ಎಳೆಯುವ ಕೈಯ ಹೆಗಲು ಎಲ್ಲ ದಿಕ್ಕಿಗೂ ತಿರುಗುತ್ತದೆ. ಅದು ಚೆಂಡು-ಗುಳಿ ಕೀಲು. ಕಡಿದ ಎಳೆಗೆ ಗಂಟು ಹಾಕುವ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ತುದಿಯನ್ನೂ ಮುಟ್ಟಬಲ್ಲದು. ಅದರ ಬುಡದಲ್ಲಿ ತಡಿಯಾಕಾರದ ಕೀಲು ಇರುವುದರಿಂದಲೇ ಇದು ಸಾಧ್ಯ.

ಹೀಗೆ ಚಲನೆ ನೋಡಿ ಕೀಲನ್ನು ವಿಂಗಡಿಸುವ ಪದ್ಧತಿ ನಿನ್ನೆ ಮೊನ್ನೆಯದಲ್ಲ. ಸುಶ್ರುತ ಸಂಹಿತೆಯ ಶಾರೀರಸ್ಥಾನ ಕೀಲುಗಳನ್ನು ಮೊದಲು ಚಲಿಸುವವು, ಸ್ಥಿರವಾದವು ಎಂದು ಎರಡಾಗಿ ಒಡೆಯುತ್ತದೆ. ಆಮೇಲೆ ಕೋರ, ಉಲೂಖಲ, ಮಂಡಲ, ಶಂಖಾವರ್ತ ಮೊದಲಾಗಿ ಎಂಟು ಬಗೆ ಹೇಳುತ್ತದೆ. ಒಟ್ಟು 210 ಕೀಲುಗಳು: ಕೈಕಾಲುಗಳಲ್ಲಿ 68, ಮುಂಡದಲ್ಲಿ 59, ಕುತ್ತಿಗೆ ಮತ್ತು ಅದರ ಮೇಲೆ 83. ಎಲುಬುಗಳ ಸಂಖ್ಯೆ ಅಲ್ಲಿ 300, ಚರಕನಲ್ಲಿ 360, ಇಂದಿನ ಪಠ್ಯದಲ್ಲಿ 206. ಸುಶ್ರುತ ಹಲ್ಲನ್ನೂ ಮೃದ್ವಸ್ಥಿಯನ್ನೂ ಎಲುಬಿನ ಜೊತೆಗೇ ಎಣಿಸಿದ್ದರಿಂದ ಅಂತರ ಇಷ್ಟು ದೊಡ್ಡದಾಯಿತು. ಶವವನ್ನು ಹುಲ್ಲು-ನಾರು ಸುತ್ತಿ, ಪಂಜರದಲ್ಲಿಟ್ಟು ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಸಿ, ಆಮೇಲೆ ಲಾವಂಚ ಅಥವಾ ಬಿದಿರಿನ ಕುಂಚದಿಂದ ಪದರ ಪದರವಾಗಿ ಉಜ್ಜಿ ನೋಡಬೇಕೆಂದು ಆ ಗ್ರಂಥ ಹೇಳುತ್ತದೆ. ಕಣ್ಣಾರೆ ಕಾಣದೆ ಕಲಿಯಬೇಡ ಎಂಬ ಆ ಹಟ ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ.

ಮುಂದಿನ ಕಥೆ ಹಲವರಿಗೆ ಗೊತ್ತಿರುವಂಥದ್ದೇ. 1543ರಲ್ಲಿ ವೆಸಾಲಿಯಸ್‌ನ ಶರೀರರಚನೆಯ ಗ್ರಂಥ ಬಂತು. 1836ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಮಧುಸೂದನ ಗುಪ್ತರು ಶವ ಛೇದಿಸಿದರು. 1895ರಲ್ಲಿ ರಾಂಟ್‌ಜನ್‌ನ ಎಕ್ಸ್-ರೇ ಬಂದಮೇಲೆ ಬದುಕಿರುವವರ ಎಲುಬೂ ಕಣ್ಣಿಗೆ ಕಂಡಿತು. ನಮ್ಮ ಭಾಗಕ್ಕೆ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಬಂದದ್ದು 1957ರಲ್ಲಿ, ಗದಗಿನದು 2015ರಲ್ಲಿ. ಅಲ್ಲಿಯವರೆಗೆ, ಎಷ್ಟೋ ಹಳ್ಳಿಗಳಲ್ಲಿ ಈಗಲೂ, ಕೈಕಾಲು ಮುರಿದರೆ ಬಿದಿರಿನ ದಬ್ಬೆ ಇಟ್ಟು ಕಟ್ಟುವವರೇ ಗತಿ.

ಈ ಸೀಮೆಯ ಮಟ್ಟಿಗೆ ಶಾಸ್ತ್ರದ ನಿಜವಾದ ತಿರುವು ಬೇರೆ ಕಡೆಯಿಂದ ಬಂತು. 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಬೆನ್ನು, ಕುತ್ತಿಗೆ ಸೆಟೆದು ನಿಂತ ರೋಗಿಗಳನ್ನು ವರದಿ ಮಾಡಿದರು. ಕಾರಣ ಕುಡಿಯುವ ನೀರಿನ ಫ್ಲೋರೈಡ್. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ, ಫ್ಲೋರೈಡ್ ಸೀಮೆಯಲ್ಲಿ ಮೊಣಕಾಲು ಒಳಕ್ಕೆ ಬಾಗಿದ ಎಳೆಯರ ಬಗ್ಗೆ ಬರೆದರು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಮುಂಡರಗಿ, ಶಿರಹಟ್ಟಿ ಸೀಮೆಯ ಹಲವು ಕೊಳವೆಬಾವಿಗಳ ನೀರು ಈ ಮಿತಿ ದಾಟಿದೆ. ಮಳೆ ಕಡಿಮೆ, ಕೆಳಗೆಲ್ಲ ಗಟ್ಟಿ ಬಂಡೆ. ಆಳಕ್ಕೆ ಕೊರೆದಷ್ಟೂ ನೀರು ಬಂಡೆಯ ಖನಿಜಗಳನ್ನು ಕರಗಿಸಿಕೊಂಡೇ ಮೇಲೆ ಬರುತ್ತದೆ.

ದೇಹದಲ್ಲಿ ಉಳಿದ ಫ್ಲೋರೈಡಿನಲ್ಲಿ ನೂರಕ್ಕೆ 99 ಪಾಲು ಸೇರುವುದು ಎಲುಬು, ಹಲ್ಲುಗಳಿಗೆ. ಮೊದಲು ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಕಂದು ಗೆರೆ. ವರ್ಷಗಳು ಕಳೆದಂತೆ ಎಲುಬು ದಪ್ಪವಾಗುತ್ತದೆ, ಕೀಲು ಕಟ್ಟುವ ತಂತುಗಳಲ್ಲಿ ಸುಣ್ಣ ಕೂಡುತ್ತದೆ. ಮುಂಗೈಯ ಎರಡು ಎಲುಬುಗಳ ನಡುವಿನ ಪೊರೆ ಗಟ್ಟಿಯಾದದ್ದು ಎಕ್ಸ್-ರೇಯಲ್ಲಿ ಕಂಡರೆ ವೈದ್ಯರಿಗೆ ಅದೇ ಸುಳಿವು. ಈ ರೋಗವನ್ನು ಹಳ್ಳಿಯಲ್ಲೇ ಶಂಕಿಸಲು ಮೂರು ಸರಳ ಪರೀಕ್ಷೆಗಳಿವೆ: ಮೊಣಕಾಲು ಮಡಚದೆ ಬಗ್ಗಿ ನೆಲದ ನಾಣ್ಯ ಎತ್ತುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯುವುದು. ಸೊಂಟ, ಕುತ್ತಿಗೆ, ಹೆಗಲು ಮೂರರ ಚಲನೆಯೂ ಇದರಲ್ಲಿ ತಿಳಿದುಬಿಡುತ್ತದೆ.

ಒಮ್ಮೆ ಸೆಟೆದ ಬೆನ್ನನ್ನು ಮೊದಲಿನಂತೆ ಮಾಡುವ ಔಷಧ ಇಲ್ಲ. ಆದ್ದರಿಂದ ಎಲ್ಲ ಪ್ರಯತ್ನವೂ ನೀರಿನ ಕಡೆಗೇ ತಿರುಗಿತು. ಪಟಿಕ, ಸುಣ್ಣ ಬಳಸುವ ನಲ್ಗೊಂಡ ವಿಧಾನವನ್ನು ನಾಗಪುರದ ಪರಿಸರ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ರೂಪಿಸಿತು. ಆಮೇಲೆ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳು ಊರೂರಿಗೆ ಬಂದವು. ತುಂಗಭದ್ರೆ ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ದಕ್ಷಿಣದ ಅಂಚಿನಲ್ಲೇ ಹರಿಯುತ್ತಾಳೆ. ಆ ಹೊಳೆಯ ನೀರು ನಳದಲ್ಲಿ ಪ್ರತಿ ಮನೆಗೂ ಬರುವುದೇ ಶಾಶ್ವತ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕುಡಿಯಲು ಘಟಕದ ನೀರು, ಅಡಿಗೆಗೆ ಕೊಳವೆಬಾವಿಯ ನೀರು ಎಂದಾದರೆ ಬೇಳೆ, ಅನ್ನದ ಮೂಲಕ ಫ್ಲೋರೈಡ್ ಹೊಟ್ಟೆಗೆ ಹೋಗುವುದು ತಪ್ಪುವುದಿಲ್ಲ. ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಹೆಚ್ಚುತ್ತದೆ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಶಿಕ್ಷಕರಲ್ಲಿ ಒಂದು ವಿನಂತಿ: ಎಲುಬುಗೂಡಿನ ಪಾಠ ಮಾಡುವ ದಿನ ಮಕ್ಕಳ ಹಲ್ಲು ನೋಡಿ, ಆ ಮೂರು ಪರೀಕ್ಷೆಗಳನ್ನು ಮನೆಯ ಹಿರಿಯರಿಗೆ ಮಾಡಿಸಿ ನೋಡಲು ಹೇಳಿ, ಊರಿನ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿ.